ಸಾಕು ಅಂದರೆ ಯಾವ ಸಾಕು?

ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಹೋದ ವಾರ ನನ್ನ ಮನೆಗೆ ಬಂದಿದ್ದರು. ನಿವೃತ್ತಳಾದವಳ ಅನುಭವ ಕೇಳಿಕೊಂಡು ಬನ್ನಿ ಎಂದು ಆಫೀಸಿನವರು ಕಳಿಸಿದ್ದರಂತೆ. ನಾನು ಅವರಿಗೆ ಕಾಫಿ ಕೊಟ್ಟು, ಮಳೆ ಬರಬಹುದೆಂದು ಹೆದರಿಸಿ, ಬಸ್ಸು ತಪ್ಪಬಹುದೆಂದು ಇನ್ನಷ್ಟು ಹೆದರಿಸಿ, ಐದು ಗಂಟೆಯ ಬಸ್ಸಿಗೆ ನಾಲ್ಕಕ್ಕೇ ಓಡಿಸಿಬಿಟ್ಟೆ. ಅನುಭವ ಹೇಳುವುದು ಹಾಗೇ ಉಳಿಯಿತು. ಮಳೆಯೂ ಬರಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಬಂಗಾರಪೇಟೆಯಲ್ಲಿ ಕಚೇರಿ, ಸುತ್ತಿನ ಹಳ್ಳಿಗಳಲ್ಲೂ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲೂ ಓಡಾಟ. ಮನಸ್ಸಿಗೆ ಕಷ್ಟವಾಗಿರುವ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು, ಬೇಕಾದರೆ ಡಾಕ್ಟರ ಹತ್ತಿರ ಕರೆದೊಯ್ಯುವುದು ನನ್ನ ಕೆಲಸವಾಗಿತ್ತು. ಕಾಗದದಲ್ಲಿ ‘ಆಪ್ತಸಮಾಲೋಚಕಿ’. ಅಷ್ಟು ಉದ್ದದ ಹೆಸರು ಯಾರ ಬಾಯಿಗೂ ಬರದೆ ಊರವರು ‘ಮಾತಾಡೋ ಮೇಡಮ್ಮ’ ಎಂದು ಕರೆಯುತ್ತಿದ್ದರು. ಮಾತಾಡದೆ ಕೇಳುವುದೇ ಈ ಕೆಲಸ ಎಂದು ಅವರಿಗೆ ತಿಳಿಸಿ ಹೇಳಲು ನಾನು ಬಹಳ ಮಾತಾಡಬೇಕಾಗುತ್ತಿತ್ತು. ಹದಿನಾರು ವರ್ಷದಲ್ಲಿ ಸಿಕ್ಕ ಬಡ್ತಿ ಒಂದೇ: ಪ್ಲಾಸ್ಟಿಕ್ ಕುರ್ಚಿಯಿಂದ ತಿರುಗುವ ಕುರ್ಚಿಗೆ. ಅದು ತಿರುಗುತ್ತಿರಲಿಲ್ಲ. ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಚಿಂತೆಯ ಹೆಂಗಸು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ, ಬೀದಿ ತಿರುವಿನಿಂದ ವಾಪಸ್ಸು ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ನನ್ನ ಹೆಗಲ ಚೀಲದಲ್ಲಿ ಛತ್ರಿ, ಟಾರ್ಚು, ಗ್ಲೂಕೋಸ್ ಪುಡಿ, ಅಮೃತಾಂಜನ, ಮೂರು ಪೆನ್ನು, ಆ ಮೂರೂ ಕೈಕೊಟ್ಟರೆ ಇರಲಿ ಎಂದು ಒಂದು ಪೆನ್ಸಿಲ್ಲು. ನಮ್ಮ ಯಜಮಾನರು ರೈಲ್ವೆಯಲ್ಲಿದ್ದವರು, ಆ ಚೀಲಕ್ಕೆ ‘ಗೂಡ್ಸ್ ಗಾಡಿ’ ಎಂದು ಹೆಸರಿಟ್ಟಿದ್ದರು. ಅವರಿಗೆ ವರ್ಗವಾದ ಕಾರಣಕ್ಕೇ ನಾನು ಮದ್ದೂರು ಕಡೆಯಿಂದ ಇಲ್ಲಿಗೆ ಬಂದದ್ದು. ಇಲ್ಲಿ ಜನ ಒಂದೇ ಮಾತನ್ನು ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ನಡೆಸಿ, ತಮಿಳಿನಲ್ಲಿ ಮುಗಿಸುತ್ತಾರೆ. ನನಗೆ ಗೊತ್ತಿದ್ದದ್ದು ಶುರು ಮಾತ್ರ.

ನನ್ನ ಮೇಲಧಿಕಾರಿ ಫಿಲೋಮಿನಾ ಮೇಡಂ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿ ಬೆಳೆದವರು, ಮೊದಲು ನರ್ಸ್ ಆಗಿದ್ದವರು. ಮನೆಯಲ್ಲಿ ತಮಿಳು, ಆದರೆ ಮೂರು ಭಾಷೆಯಲ್ಲೂ ಸಮಾನವಾಗಿ ಬೈಯಬಲ್ಲವರು. ಹೊಸಬರಿಗೆ ಅವರು ಕಲಿಸಿದ ಮೊದಲ ಪಾಠ ರೈಲಿನದು. ನಮ್ಮ ಕಚೇರಿ ಹಳಿಯ ಪಕ್ಕದ ಬಾಡಿಗೆ ಮನೆ. ರೈಲು ಹೋಗುವಾಗ ಏನೂ ಕೇಳಿಸದು. ನಾನು ಮೊದಮೊದಲು ರೈಲಿನ ಸದ್ದನ್ನೂ ಮೀರಿ ಕೂಗಿ ಮಾತಾಡುತ್ತಿದ್ದೆ.

“ಏನ್ಮಾ ಸುಶೀಲಾ, ಮಗು ಜೊತೆ ಮಾತಾಡ್ತೀಯೋ ಇಂಜಿನ್ ಜೊತೆ ಜಗಳ ಆಡ್ತೀಯೋ? ಗಾಡಿ ಹೋಗೋ ತನಕ ಬಾಯ್ಮುಚ್ಕೊಂಡು ಕೂತ್ಕೊ.”

ಕೂತೆ. ರೈಲು ದಾಟಿದ ಮೇಲೆ ಆಗುವ ಆ ಒಂದು ಗಳಿಗೆಯ ನಿಶ್ಶಬ್ದದಲ್ಲಿ ಮಕ್ಕಳು ನಿಜ ಹೇಳುತ್ತವೆ. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಈಗ ಕಚೇರಿ ಬೇರೆ ಕಡೆ ಹೋಗಿದೆ, ಗಾಜಿನ ಕಿಟಕಿ, ಫ್ಯಾನು, ಒಳ್ಳೆಯ ಕುರ್ಚಿ ಎಲ್ಲ ಇವೆ. ರೈಲಿಲ್ಲ. ಹೊಸ ಹುಡುಗಿಯರೇ, ನೀವು ಮನಸ್ಸಿನಲ್ಲೇ ಒಂದು ರೈಲು ಬಿಟ್ಟುಕೊಳ್ಳಬೇಕಾಗುತ್ತದೆ.

ಅವರ ಎರಡನೆಯ ಪಾಠಕ್ಕೆ ನಾನೇ ಕಾರಣ. ನಾನು ಸೇರಿದ ಹೊಸತರಲ್ಲಿ ಬೆಂಗಳೂರಿನಿಂದ ಒಂದು ಫಾರಂ ಬಂತು. ಯಾರೋ ಓದಿದವರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು. ಅದರ ಮೊದಲ ಪ್ರಶ್ನೆ: ‘ಕುಟುಂಬದಲ್ಲಿ ಯಾರಿಗಾದರೂ ಖಿನ್ನತೆಯ ಇತಿಹಾಸವಿದೆಯೇ?’ ಅದನ್ನು ಹಿಡಿದುಕೊಂಡು ಚಾಂಪಿಯನ್ ರೀಫ್ಸ್‌ನ ಒಂದು ಲೈನ್ ಮನೆಗೆ ಹೋದೆ. ಮೊಮ್ಮಗಳು ಯಾರೊಡನೆಯೂ ಮಾತಾಡುತ್ತಿಲ್ಲ ಎಂದು ಹೇಳಿ ಕಳಿಸಿದ್ದವರು. ಗಣಿಯಲ್ಲಿ ದುಡಿದಿದ್ದ ತಾತ ಹೊರಗೆ ಕೂತಿದ್ದರು. ನಾನು ಪ್ರಶ್ನೆಯನ್ನು ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ ಓದಿದೆ.

ತಾತನ ಮುಖ ಅರಳಿತು. “ಚಿನ್ನದ ಇತಿಹಾಸವಾ ಮೇಡಂ? ಇದೆಯಮ್ಮ. ನಮ್ಮಪ್ಪ, ನಾನು, ನಮ್ಮಣ್ಣ, ಎಲ್ಲಾ ಅದೇ. ಕೂತ್ಕೊಳ್ಳಿ.”

ಎರಡು ಗಂಟೆ ಅವರು ನನ್ನನ್ನು ಭೂಮಿಯೊಳಗೆ ಇಳಿಸಿದರು. ಅಲ್ಲಿನ ಸೆಕೆ, ಕತ್ತಲೆ, ಬಂಡೆ ಸಿಡಿಯುವ ಮೊದಲು ಕೇಳುವ ಸದ್ದು, ಎಲ್ಲ ಹೇಳಿದರು. ತಪ್ಪು ತಿದ್ದಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ತಾತ, “ಮೈನ್ಸ್ ಮುಚ್ಚಿದ ಮೇಲೆ ಒಂದು ವರ್ಷ ಗೋಡೆ ನೋಡ್ಕೊಂಡು ಕೂತಿದ್ದೆ ಮೇಡಂ. ಊಟ ಇಳೀತಿರ್ಲಿಲ್ಲ, ನಿದ್ದೆ ಇಲ್ಲ. ಈಗ ಈ ಹುಡುಗೀನೂ ಹಾಗೇ ಕೂತ್ಕೋತಾಳೆ, ಅದೇ ಗೋಡೆ ನೋಡ್ಕೊಂಡು,” ಎಂದರು.

ಫಾರಂ ಕೇಳಿದ್ದು ಅದನ್ನೇ. ನಾನು ‘ಇದೆ’ ಎಂದು ಗುರುತು ಹಾಕಿದೆ. ಫಿಲೋಮಿನಾ ಮೇಡಂ ಈ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮಾರನೆಯ ದಿನವೇ ನಿಯಮ ಮಾಡಿದರು: ಫಾರಂನ ಮಾತು ನಮ್ಮ ಬಾಯಲ್ಲಿ ಬರಬಾರದು, ಮನೆಯವರ ಬಾಯಿಂದ ಬಂದ ಮಾತನ್ನು ಬಂದ ಹಾಗೇ ಬರೆದುಕೊಳ್ಳಬೇಕು. ನನಗೆ ಅದು ದೊಡ್ಡ ಸಾಧನೆಯಂತೆ ಕಂಡಿತು. ಬಂದ ಹಾಗೇ ಬರೆದುಕೊಂಡರೆ ಇನ್ನು ತಪ್ಪಾಗುವುದು ಎಲ್ಲಿಂದ ಎಂದುಕೊಂಡೆ.

ಎಲ್ಲಿಂದ ಎಂಬುದು ಕಾಮಸಮುದ್ರದ ಆಚೆಯ ಒಂದು ಹಳ್ಳಿಯಲ್ಲಿ ತಿಳಿಯಿತು. ಹೆಸರುಗಳನ್ನು ಬದಲಾಯಿಸಿ ಬರೆಯುತ್ತೇನೆ. ಅವಳು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಅಶ್ವಿನಿ ಒಂಬತ್ತನೇ ಕ್ಲಾಸಿನ ಹುಡುಗಿ. ತರಗತಿಗೆ ಮೊದಲಿದ್ದವಳು ಇದ್ದಕ್ಕಿದ್ದಂತೆ ಶಾಲೆ ಬಿಟ್ಟಿದ್ದಳು. ಬೆಳಿಗ್ಗೆಯಾದರೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲವೆಂದಿದ್ದರು. ಹಾಜರಿ ಕಡಿಮೆಯಾಗುತ್ತಾ ಬಂದು, ಇನ್ನು ಒಂದು ತಿಂಗಳು ತಪ್ಪಿದರೆ ಪರೀಕ್ಷೆಗೆ ಕೂರಿಸಲಾಗದು ಎಂದು ಹೇಳಿ ಅವಳ ಟೀಚರು ನಮಗೆ ಫೋನ್ ಮಾಡಿದ್ದರು. ಬಸ್ಸಿಳಿದು ಅರ್ಧ ಗಂಟೆ ನಡೆದು ಹೋದೆ. ಅವಳ ತಾಯಿ ರತ್ನಮ್ಮ ಕೊಟ್ಟಿಗೆಯಲ್ಲಿದ್ದರು. ಆ ಮನೆಯದು ನಾಲ್ಕು ಹಸುವಿನ ಸಂಸಾರ. ಮಗಳು ಒಳಗೆ ಬಾಗಿಲ ಹಿಂದೆ.

“ಏನಂತ ಏಳ್ಲಿ ಮೇಡಮ್ಮ,” ಎಂದರು ರತ್ನಮ್ಮ. “ಎಲ್ಲಕ್ಕೂ ಸಾಕು ಏಳ್ತಾಳೆ. ಸ್ಕೂಲಿಗೆ ಓಗು ಅಂದ್ರೆ ಸಾಕು. ಊಟಕ್ಕೆ ಬಾ ಅಂದ್ರೂ ಸಾಕು. ನಿನ್ನೆಯಿಂದ ಇನ್ನೂ ಜಾಸ್ತಿ ಆಗೋಗೈತೆ.”

ಬಂದ ಹಾಗೇ ಬರೆದುಕೊಂಡೆ. ಬರೆದದ್ದನ್ನು ಮತ್ತೊಮ್ಮೆ ಓದಿದೆ. ಹದಿನಾಲ್ಕು ವರ್ಷದ ಹುಡುಗಿ ಎಲ್ಲದಕ್ಕೂ ‘ಸಾಕು’ ಅನ್ನುತ್ತಾಳೆ. ಶಾಲೆ ಸಾಕು, ಊಟ ಸಾಕು. ಇಂಥ ಮಾತು ಕಿವಿಗೆ ಬಿದ್ದರೆ ಏನು ಮಾಡಬೇಕು ಎಂದು ನಮಗೆ ಕಲಿಸಿದ್ದರು: ಹುಡುಗಿಯನ್ನು ಒಬ್ಬಳೇ ಬಿಡಬಾರದು, ಮೇಲಧಿಕಾರಿಗೆ ತಿಳಿಸಬೇಕು, ಡಾಕ್ಟರಿಗೆ ತೋರಿಸಬೇಕು. ನಾನು ಮೂರನ್ನೂ ಒಟ್ಟಿಗೇ ಶುರು ಮಾಡಿದೆ. ಕಾರಣ ಹೇಳದೆ ರತ್ನಮ್ಮನನ್ನು ಬಾಗಿಲಲ್ಲಿ ಕೂರಿಸಿದೆ. ಫಿಲೋಮಿನಾ ಮೇಡಂಗೆ ಫೋನ್ ಮಾಡಿ ಕೂಡಲೇ ಬನ್ನಿ ಎಂದೆ. ಮನೆಯಲ್ಲಿ ಅಪಾಯವೆಂದು ಕಂಡದ್ದನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದೆ, ಈಳಿಗೆಮಣೆಯನ್ನೂ ಬಿಡಲಿಲ್ಲ. ಆ ದಿನ ಆ ಮನೆಯಲ್ಲಿ ಹುರುಳಿಕಾಯಿಯನ್ನು ಕೈಯಲ್ಲೇ ಮುರಿದು ಸಾರಿಗೆ ಹಾಕಬೇಕಾಯಿತು. ಅಕ್ಕಪಕ್ಕದವರು ಬಂದು ಬೇಲಿಯುದ್ದಕ್ಕೂ ನಿಂತರು. ನಾನು ಗೂಡ್ಸ್ ಗಾಡಿಯಿಂದ ಗ್ಲೂಕೋಸ್ ತೆಗೆದು ಎಲ್ಲರಿಗೂ ಕಲಸಿ ಕೊಟ್ಟೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಮೇಡಂ ವ್ಯಾನಿನಲ್ಲಿ ಬಂದಿಳಿದರು. ರತ್ನಮ್ಮನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಮಾತಾಡಿದರು. ಆಮೇಲೆ ಹುಡುಗಿಯ ಹತ್ತಿರ ಒಬ್ಬರೇ ಕೂತು, ನೇರವಾಗಿಯೇ ಎಲ್ಲ ಕೇಳಿ, ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಗೆ ಬಂದರು.

“ಸುಶೀಲಾ, ಆಯಮ್ಮ ಹೇಳಿದ್ದು ಯಾವ ಸಾಕು?”

“ಯಾವ ಸಾಕು ಅಂದ್ರೆ? ಸಾಕು ಮೇಡಂ. ಇನ್ನು ಬೇಡ ಅನ್ನೋ ಸಾಕು.”

“ಅದು ನಿಮ್ಮ ಮದ್ದೂರು ಸಾಕು. ಇವ್ರ ಮನೇಲಿ ತೆಲುಗು. ತೆಲುಗಲ್ಲಿ ಸಾಕು ಅಂದ್ರೆ ನೆಪ ಕಣಮ್ಮ. ‘ಅನ್ನಿಟಿಕೀ ಸಾಕು ಚೆಪ್ತುಂದಿ’, ಎಲ್ಲದಕ್ಕೂ ನೆಪ ಹೇಳ್ತಾಳೆ ಅಂತ. ನಮ್ಮ ತಮಿಳಲ್ಲೂ ಸಾಕ್ಕು ಅಂದ್ರೆ ನೆಪಾನೇ. ಇಲ್ಲಾಂದ್ರೆ ಗೋಣಿಚೀಲ.”

ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದರು. ನನ್ನ ಕಣ್ಣು ನೆಲದಲ್ಲಿತ್ತು. ಆಗ ಬಾಗಿಲ ಹಿಂದಿನಿಂದ ಒಂದು ನಗು ಬಂತು. ತಡೆದು ತಡೆದು, ಕೊನೆಗೆ ತಡೆಯಲಾಗದೆ ಬಂದ ನಗು. ರತ್ನಮ್ಮ ತಿರುಗಿ ನೋಡಿದರು. ಮಗಳು ನಕ್ಕು ಎರಡು ತಿಂಗಳಾಗಿತ್ತಂತೆ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ನಾನು ರಾಜೀನಾಮೆಯ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೇಡಂ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: “ನೆಪಕ್ಕೆ ಹೆದರಿ ಊರೆಲ್ಲ ಎಬ್ಬಿಸಿದ್ದಕ್ಕೆ ಬೈಯಲ್ಲ. ಅದು ನಿನ್ನ ಸಾಕೇ ಆಗಿದ್ದು, ನೀನು ಸುಮ್ನೆ ಬರ್ಕೊಂಡು ಬಸ್ ಹತ್ತಿ ಬಂದಿದ್ರೆ, ನಾಳೆಯಿಂದ ಬರ್ಬೇಡ ಅಂತಿದ್ದೆ. ಆದ್ರೆ ಈಳಿಗೆಮಣೆ ವಾಪಸ್ ಕೊಡಿಸ್ದ್ಯಾ?”

ಕೊಡಿಸಿರಲಿಲ್ಲ. ಹಾಗಾಗಿ ಮಾರನೆಯ ದಿನ ಮತ್ತೆ ಹೋದೆ.

ಅಶ್ವಿನಿ ಬಾಗಿಲಲ್ಲೇ ನಿಂತಿದ್ದಳು. “ಮೇಡಂ, ನಿಮ್ಗೆ ತೆಲುಗು ಬರಲ್ವಾ?”

“ಬರಲ್ಲಮ್ಮ.”

“ಒಂಚೂರೂ?”

“ಬಸ್ಸಲ್ಲಿ ‘ಜರುಗಂಡಿ’ ಅಂದ್ರೆ ಸರ್ಕೊಳ್ಳೋದು ಬರುತ್ತೆ.”

“ಅಷ್ಟು ಸಾಲ್ದು. ನಾನು ಏಳ್ಕೊಡ್ತೀನಿ.”

ಹೀಗೆ ನಾನು ಸಮಾಲೋಚಕಿಯಾಗಿ ಹೋದ ಮನೆಯಲ್ಲಿ ಶಿಷ್ಯೆಯಾಗಿ ಕೂತೆ. ಪ್ರತಿ ಗುರುವಾರ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಪಾಠ. ಅವಳು ಕಟ್ಟುನಿಟ್ಟಿನ ಟೀಚರು. ತಪ್ಪು ಹೇಳಿದರೆ ಹತ್ತು ಸಲ ಬರೆಸುತ್ತಿದ್ದಳು. ಬೆಂಗಳೂರಿನಿಂದ ಪರಿಶೀಲನೆಗೆ ಬಂದ ಒಬ್ಬರು, “ಇದು ಯಾವ ಚಿಕಿತ್ಸಾ ವಿಧಾನ?” ಎಂದು ಕೇಳಿದರು. ಫಿಲೋಮಿನಾ ಮೇಡಂ ಮುಖ ಗಂಭೀರ ಮಾಡಿಕೊಂಡು, “ಸ್ಥಳೀಯ ವಿಧಾನ ಸಾರ್,” ಎಂದರು. ಅವರು ಬರೆದುಕೊಂಡು ಹೋದರು.

ಆದರೆ ಹುಡುಗಿ ಶಾಲೆಗೆ ಹೋಗುತ್ತಿರಲಿಲ್ಲ. ನನಗೆ ಗುರುವಾರ ಬಂತೆಂದರೆ ಸಂತೋಷ, ಗುರುವಾರ ಮುಗಿಯಿತೆಂದರೆ ಪರೀಕ್ಷೆಗೆ ಉಳಿದ ದಿನಗಳ ಲೆಕ್ಕ. ಹೊಟ್ಟೆನೋವಿನ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳು ಇಡೀ ದಿನ ಕೊಟ್ಟಿಗೆಯ ಕೆಲಸ ಮಾಡುತ್ತಿದ್ದುದನ್ನು ಮಾತ್ರ ಗಮನಿಸಿದ್ದೆ. ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಸು ತೊಳೆಯುವುದು, ಯಾರೂ ಹೇಳದೆಯೇ ಎಲ್ಲವನ್ನೂ ಮಾಡುವಳು. ಹೊಟ್ಟೆನೋವಿನವಳು ಮಾಡುವ ಕೆಲಸವಲ್ಲ ಅದು. ನೆಪ ಹೇಳಿ ಸುಖವಾಗಿ ಮಲಗುವವಳೂ ಅಲ್ಲ ಅವಳು.

ಮೂರನೆಯ ಗುರುವಾರ ಪಾಠ ಮುಗಿಯುವ ಹೊತ್ತಿಗೆ ಅವಳೇ, “ಮೇಡಂ, ಸಾಕು ಅನ್ನೋದಕ್ಕೆ ಇನ್ನೊಂದು ಅರ್ಥ ಐತೆ,” ಎಂದಳು.

ಮಾತಾಡಲು ಬಾಯಿ ತೆರೆದೆ. ಆಮೇಲೆ ಮನಸ್ಸಿನಲ್ಲೇ ಒಂದು ರೈಲು ಬಿಟ್ಟುಕೊಂಡು ಸುಮ್ಮನೆ ಕೂತೆ. ಉದ್ದನೆಯ ರೈಲು ಅದು.

“ಅಸು ಸಾಕೋದು, ಕೋಳಿ ಸಾಕೋದು ಅಂತೀವಲ್ಲ, ಅದು. ಅದು ತೆಲುಗಲ್ಲೂ ಸಾಕೇ, ಕನ್ನಡದಲ್ಲೂ ಸಾಕೇ.” ಹುಲ್ಲಿನ ಕಡ್ಡಿಯೊಂದನ್ನು ಮುರಿಯುತ್ತಾ ಹೇಳಿದಳು, “ನನ್ನೂ ಸಾಕಿರೋದು ಮೇಡಂ.”

ಶಾಲೆಗೆ ಯಾವುದೋ ಅರ್ಜಿ ಕೊಡಬೇಕಾಗಿ ಟ್ರಂಕಿನಲ್ಲಿ ಕಾಗದ ಹುಡುಕುವಾಗ ಹೆರಿಗೆ ಆಸ್ಪತ್ರೆಯ ಹಳೆಯ ಚೀಟಿ ಅವಳಿಗೆ ಸಿಕ್ಕಿತ್ತು. ಅದರಲ್ಲಿ ತಾಯಿಯ ಹೆಸರು ರತ್ನಮ್ಮ ಎಂದಿರಲಿಲ್ಲ. ರತ್ನಮ್ಮನ ತೀರಿಕೊಂಡ ಅಕ್ಕನ ಹೆಸರಿತ್ತು. ಅದೇ ವಾರ ರತ್ನಮ್ಮ ಗಂಡನೊಡನೆ, “ಇವಳನ್ನ ಆಸ್ಟೆಲ್‌ಗೆ ಸೇರಿಸ್ಬಿಡೋಣ,” ಎಂದದ್ದೂ ಕಿವಿಗೆ ಬಿತ್ತು. ಎರಡನ್ನೂ ಕೂಡಿಸಿ ಅವಳು ತಾನೇ ಅರ್ಥ ಮಾಡಿಕೊಂಡಿದ್ದಳು. ಹೆತ್ತ ಮಗಳಲ್ಲ, ಅದಕ್ಕೇ ಕಳಿಸುತ್ತಿದ್ದಾರೆ. ಶಾಲೆಗೆ ಹೋಗದಿದ್ದರೆ ಅಂಕ ಬರುವುದಿಲ್ಲ, ಅಂಕ ಬರದಿದ್ದರೆ ಹಾಸ್ಟೆಲಿನಲ್ಲಿ ಸೇರಿಸಿಕೊಳ್ಳುವುದಿಲ್ಲ. ಕೊಟ್ಟಿಗೆಯ ಕೆಲಸ ಪೂರ್ತಿ ಮಾಡಿದರೆ ಇವಳು ಇರಲಿ ಅನ್ನಿಸುತ್ತದೆ.

“ಅಮ್ಮನ್ನ ಕೇಳ್ದ್ಯಾ?”

“ಕೇಳಿ, ಊ ಅಂದ್ಬಿಟ್ರೆ?”

ಅವತ್ತು ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿಹೋಯಿತು. ರತ್ನಮ್ಮನಿಗೆ ಒಂದು ಮಾತು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ಮೇಡಂ ಹತ್ತಿರ ಗೋಗರೆದೆ. “ಅದು ಆ ಹುಡುಗಿ ಮಾತು. ಅವಳು ಕೊಟ್ರೆ ಮಾತ್ರ ನೀನು ಎತ್ಕೊಂಡು ಹೋಗ್ಬೇಕು,” ಎಂದರು. ಮುಂದಿನ ಗುರುವಾರ ಅವಳನ್ನೇ ಕೇಳಿದೆ. ತುಂಬ ಹೊತ್ತು ಯೋಚಿಸಿ ಒಂದು ಷರತ್ತಿನ ಮೇಲೆ ಒಪ್ಪಿದಳು. ನಾನು ಕೇಳಬೇಕು, ತೆಲುಗಿನಲ್ಲೇ ಕೇಳಬೇಕು, ಅವಳು ನನ್ನ ಹಿಂದೆಯೇ ನಿಂತಿರುತ್ತಾಳೆ. ನನ್ನ ಅಂಗೈ ಮೇಲೆ ಕನ್ನಡ ಅಕ್ಷರದಲ್ಲಿ ವಾಕ್ಯವನ್ನು ಅವಳೇ ಬರೆದಳು: ‘ಈ ಬಿಡ್ಡನಿ ಸಾಕಿಂದಿ ಮೀರೇನಾ?’ ಈ ಮಗುವನ್ನು ಸಾಕಿದ್ದು ನೀವೇನಾ?

ರತ್ನಮ್ಮ ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಚಿಂತೆಯವಳ ಅಂಗೈ ಯಾವಾಗಲೂ ಬೆವರುತ್ತದೆ. “ಈ ಬಿಡ್ಡನಿ...” ಎಂದು ಶುರು ಮಾಡಿ ಕೈ ನೋಡಿಕೊಂಡರೆ ಮುಂದಿನ ಅಕ್ಷರಗಳೆಲ್ಲ ಕಲಸಿ ನೀಲಿಯಾಗಿದ್ದವು. ನಾಲ್ಕು ವಾರ ಕಲಿತದ್ದೆಲ್ಲ ತಲೆಯಿಂದ ಹೋಯಿತು. ಮತ್ತೊಮ್ಮೆ “ಈ ಬಿಡ್ಡನಿ...” ಎಂದು ನಿಂತೆ.

ಹಿಂದಿನಿಂದ ಸಣ್ಣ ದನಿ ಮುಗಿಸಿತು: “...ಸಾಕಿಂದಿ ಮೀರೇನಾ?”

ನನಗೆ ಹೇಳಿಕೊಡಲು ಹೋಗಿ, ಪ್ರಶ್ನೆಯನ್ನು ಅವಳೇ ಕೇಳಿಬಿಟ್ಟಿದ್ದಳು.

ರತ್ನಮ್ಮ ಕ್ಯಾನು ಕೆಳಗಿಟ್ಟರು. ಅವರಿಗೆ ಪ್ರಶ್ನೆಗಿಂತ ಮೊದಲು ತಾಗಿದ್ದು ಅದರೊಳಗಿನ ‘ಮೀರು’, ಹೊರಗಿನವರಿಗೆ ಹೇಳುವ ‘ನೀವು’. ಅದು ನಾನು ಕೇಳಲೆಂದು ಬರೆದ ವಾಕ್ಯ. ಮಗಳು ತಾಯಿಗೆ ಹೇಳುವಂಥದ್ದಲ್ಲ.

“ಏನ್ಲೇ ಅಂದೆ? ಮೀರಾ? ಯಾವತ್ತಿಂದ ನಾನು ನಿಂಗೆ ಮೀರು ಆದೆ?”

ಹುಡುಗಿ ಸೆರಗು ಹಿಡಿಯುವಂತೆ ನನ್ನ ಚೀಲದ ಪಟ್ಟಿ ಹಿಡಿದುಕೊಂಡಿದ್ದಳು. “ಟ್ರಂಕಲ್ಲಿ ಚೀಟಿ ಐತೆ,” ಎಂದಳು.

ರತ್ನಮ್ಮನಿಗೆ ಎಲ್ಲವೂ ಅರ್ಥವಾಗಲು ಅಷ್ಟೇ ಸಾಕಾಯಿತು. ಕೂಗಲಿಲ್ಲ, ಅಳಲಿಲ್ಲ. ಕೈಗಂಟಿದ ನೊರೆಯನ್ನು ಸೀರೆಗೆ ಒರೆಸಿಕೊಂಡರು.

“ಊ. ನಾನೇ ಸಾಕಿದ್ದು. ನಾಕು ದಿನದ ಕೂಸು ನೀನು, ನಮ್ಮಕ್ಕ ತೀರ್ಕೊಂಡಾಗ. ನಿಂಗೆ ಯಾವ ಆಲೂ ಇಡೀತಿರ್ಲಿಲ್ಲ. ಕರೂನ ಅರ್ದ ಒಟ್ಟೇಲಿ ಕಟ್ಟಾಕಿ, ಆ ಅಸು ಆಲು ಕರ್ದು, ಬತ್ತಿ ಅದ್ದಿ ಅದ್ದಿ ಕುಡ್ಸಿದೀನಿ. ಆ ಕರು ನನ್ನ ನೋಡ್ತಿತ್ತು ಲೇ, ಪಾಪ. ಅದ್ರ ಕಣ್ಣು ಇವತ್ಗೂ ನೆನಪೈತೆ.” ಕ್ಯಾನಿಗೆ ಮುಚ್ಚಳ ಹಾಕಿದರು. “ಆಸ್ಟೆಲ್ ಅಂದಿದ್ದು ನೀನು ಓದ್ತೀಯ ಅಂತ. ಬ್ಯಾಡಾಂದ್ರೆ ಬ್ಯಾಡ. ಅದಕ್ಕೆ ನನ್ನ ಮೀರು ಅಂತೀಯಾ? ನಾನು ಸಾಕಿದ್ದು ನಿಂಗೆ ಸಾಕಾಗ್ಲಿಲ್ವಾ?”

ನನ್ನ ಚೀಲದ ಪಟ್ಟಿ ಸಡಿಲವಾಯಿತು. ಹುಡುಗಿ ನನ್ನನ್ನು ದಾಟಿ ಹೋಗಿ, ಕ್ಯಾನಿನ ಪಕ್ಕ ತಾಯಿಯ ಸೊಂಟಕ್ಕೆ ಮುಖ ಒತ್ತಿಕೊಂಡು ನಿಂತಳು.

“ಸಾಕು,” ಎಂದಳು.

ಯಾವ ಸಾಕು ಎಂದು ನಾನು ಕೇಳಲಿಲ್ಲ. ಗೂಡ್ಸ್ ಗಾಡಿ ಹೆಗಲಿಗೇರಿಸಿ, ಮೂರು ಪೆನ್ನೂ ಇವೆಯೇ ಎಂದು ನೋಡಿಕೊಂಡು, ಬಸ್ ಸ್ಟಾಪಿನ ಕಡೆ ಹೊರಟೆ. ಹದಿನಾರು ವರ್ಷದಲ್ಲಿ ಬೀಗದ ನೆನಪೇ ಬಾರದೆ ಮನೆ ತಲುಪಿದ ದಿನ ಅದೊಂದೇ.

ಸೋಮವಾರದಿಂದ ಅವಳು ಶಾಲೆಗೆ ಹೋದಳು. ಹಾಜರಿ ಹೇಗೋ ಕೂಡಿಬಂತು, ಪರೀಕ್ಷೆಗೆ ಕೂತಳು. ಎಲ್ಲ ಮನೆಗಳಲ್ಲೂ ಹೀಗಾಗುತ್ತದೆಂದು ತಿಳಿಯಬೇಡಿ. ಚಾಂಪಿಯನ್ ರೀಫ್ಸ್‌ನ ಆ ಮೊಮ್ಮಗಳಿಗೆ ಡಾಕ್ಟರು, ಮಾತ್ರೆ, ನಾವು, ತಾತ, ಎಲ್ಲ ಸೇರಿ ಎರಡು ವರ್ಷ ಬೇಕಾಯಿತು. ಕೆಲವು ಬಾಗಿಲುಗಳು ನನಗೆ ತೆರೆಯಲೇ ಇಲ್ಲ. ಆ ಮನೆಗಳ ಮುಂದೆ ಬಸ್ಸು ಹೋಗುವಾಗ ಇವತ್ತಿಗೂ ನಾನು ಇನ್ನೊಂದು ಕಿಟಕಿಯಿಂದ ಹೊರಗೆ ನೋಡುತ್ತೇನೆ.

ಅಶ್ವಿನಿಯ ಪ್ರಕರಣವಾದ ಮೇಲೆ ನಮ್ಮ ಫಾರಂನಲ್ಲಿ ಎರಡು ಸಾಲು ಸೇರಿದವು. ಮೊದಲನೆಯದು: ‘ಅವರು ಹೇಳಿದ ಮಾತು’. ಅದರ ಕೆಳಗೆ: ‘ಅವರ ಮನೆಯಲ್ಲಿ ಆ ಮಾತಿಗೆ ಅರ್ಥ’. ಎರಡನೆಯ ಸಾಲು ನನ್ನದು. ನಿಮ್ಮ ಈಗಿನ ಟ್ಯಾಬ್‌ನಲ್ಲಿ ಅದು ‘ಇತರೆ’ ಎಂಬ ಗುಂಡಿಯೊಳಗೆ ಸೇರಿಹೋಗಿದೆಯಂತೆ. ಒತ್ತಿ ನೋಡಿ, ಒಳಗಿದ್ದೇನೆ. ಯಾವ ಮಾತು ಬಂದರೂ ಮೊದಲು ಹೆದರಿ, ಮಾಡಬೇಕಾದ್ದನ್ನೆಲ್ಲ ಮಾಡಿ, ಆಮೇಲೆ ಯಾವ ಸಾಕು ಎಂದು ವಿಚಾರಿಸಿ. ಈ ಕ್ರಮ ತಿರುಗಿಸಬೇಡಿ. ಈಳಿಗೆಮಣೆಯನ್ನು ಅವತ್ತೇ ವಾಪಸ್ಸು ಕೊಡಿಸಿ.

ನಾನು ಕೆಲಸ ಬಿಟ್ಟ ದಿನ ಕಚೇರಿಯಲ್ಲಿ ಶಾಲು, ಹಾರ, ಭಾಷಣ ಎಲ್ಲ ಆದವು. ಫಿಲೋಮಿನಾ ಮೇಡಂ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತು, ನನ್ನ ಭಾಷಣ ಉದ್ದವಾದಾಗ ಕೈಯಲ್ಲೇ ರೈಲು ಬರುತ್ತಿದೆಯೆಂದು ಸನ್ನೆ ಮಾಡಿದರು. ಅದರ ಮುಂದಿನ ಭಾನುವಾರ ಕಾಮಸಮುದ್ರದ ಕಡೆಯಿಂದ ಅಶ್ವಿನಿ ಬಂದಳು. ಈಗ ಅವಳು ಊರಿನ ಹಾಲಿನ ಡೇರಿಗೆ ಕಾರ್ಯದರ್ಶಿ. ಮನೆಯ ಹಸು ಕರು ಹಾಕಿತ್ತಂತೆ, ರತ್ನಮ್ಮ ಮೊದಲ ಹಾಲಿನ ಗಿಣ್ಣು ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದ್ದರು.

“ಕರುಗೆ ಬಿಟ್ಟಿದ್ದೀರಾ ಇಲ್ವಾ?” ಎಂದು ಕೇಳಿದೆ. ಚಿಂತೆ ನನಗೆ.

“ಅಮ್ಮ ಮೊದ್ಲು ಕರುಗೆ ಒಟ್ಟೆ ತುಂಬ ಬಿಟ್ಟೇ ಕರ್ಯೋದು ಮೇಡಂ. ಆ ಕರು ಆದ್ಮೇಲಿಂದ್ಲೂ ಅಂಗೇ ಅಂತೆ.”

ತಟ್ಟೆಗೆ ಒಂದು ತುಂಡು ಹಾಕಿದಳು, ತಿಂದೆ. ಎರಡನೆಯದು ಹಾಕಿದಳು, ತಿಂದೆ. ಮೂರನೆಯದಕ್ಕೆ ಕೈ ಅಡ್ಡ ಹಿಡಿದು, “ಸಾಕಮ್ಮ, ಸಾಕು, ವಯಸ್ಸಾಯ್ತು, ಅರಗಲ್ಲ,” ಎಂದೆ.

ಅಶ್ವಿನಿ ನನ್ನ ಮುಖವನ್ನೂ ಖಾಲಿ ತಟ್ಟೆಯನ್ನೂ ನೋಡಿ, “ಇದು ತೆಲುಗು ಸಾಕು ಮೇಡಂ, ಕನ್ನಡದ್ದಲ್ಲ,” ಎಂದು, ನನ್ನ ಕೈ ಸರಿಸಿ ಮೂರನೆಯ ತುಂಡನ್ನೂ ಹಾಕಿದಳು.